ಲೆಕ್ಕವೂ ಬೇಕು, ಜೀವಶಾಸ್ತ್ರವೂ ಬೇಕು



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ಮೂಗೂರಿನಲ್ಲಾಗಲಿ, ಸುತ್ತಿನ ಹಳ್ಳಿಗಳಲ್ಲಾಗಲಿ, ಮನೆಮನೆಯಲ್ಲೂ ಒಂದೇ ಮಾತು: “ಮಗೂನ ಮುಂದೆ ಏನು ಓದಿಸೋಣ?” ಲೆಕ್ಕದಲ್ಲಿ ಚುರುಕಾದವರು ಇಂಜಿನಿಯರಿಂಗಿಗೆ, ಗಿಡ ಪ್ರಾಣಿಗಳಲ್ಲಿ ಆಸಕ್ತಿಯುಳ್ಳವರು ಡಾಕ್ಟರಿಕೆಗೆ ಎಂದು ನಾವು ಎರಡೇ ದಾರಿ ಮಾಡಿಟ್ಟಿದ್ದೇವೆ. ಎರಡರಲ್ಲಿಯೂ ಮನಸ್ಸಿರುವ ಮಗುವಿಗೆ “ಒಂದನ್ನು ಬಿಡು” ಎನ್ನುತ್ತೇವೆ. ಹಾಗೆ ಬಿಡಿಸಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ಬೇಡುವ ವಿದ್ಯೆಗಳಿವೆ. ನಮ್ಮ ಬೇಸಾಯದ ವಿದ್ಯೆಯೇ ಅವುಗಳಲ್ಲೊಂದು.

ರೇಷ್ಮೆ ಗೂಡಿನೊಳಗಿನ ಲೆಕ್ಕ

ರೇಷ್ಮೆ ಸಾಕುವವರಿಗೆ ಒಂದು ವಿಷಯ ಗೊತ್ತೇ ಇದೆ. ಮಿಶ್ರತಳಿಯ ಹುಳು ಒಳ್ಳೆಯ ಗೂಡು ಕಟ್ಟುತ್ತದೆ. ಆದರೆ ಅದೇ ಗೂಡಿನ ಚಿಟ್ಟೆಯಿಂದ ಮೊಟ್ಟೆ ಇಡಿಸಿ ಮತ್ತೆ ಸಾಕಿದರೆ ಬೆಳೆ ಏರುಪೇರಾಗುತ್ತದೆ. ಆದ್ದರಿಂದ ಪ್ರತಿ ಬೆಳೆಗೂ ಹೊಸ ಮೊಟ್ಟೆಯನ್ನೋ ಚಾಕಿ ಹುಳುವನ್ನೋ ತರುತ್ತೇವೆ. ಹೀಗೇಕೆ?

ಇಂದಿನ ಚೆಕ್ ದೇಶದ ಒಂದು ಮಠದಲ್ಲಿ ಮೆಂಡೆಲ್ ಎಂಬ ಪಾದ್ರಿ ಇದ್ದರು. ಅವರು ಗಣಿತ, ಭೌತಶಾಸ್ತ್ರಗಳನ್ನೂ ಓದಿದವರು. ನುಣುಪು ಕಾಳಿನ ಬಟಾಣಿಯನ್ನೂ ಸುಕ್ಕು ಕಾಳಿನ ಬಟಾಣಿಯನ್ನೂ ಕೂಡಿಸಿ ಬೆಳೆದರು. ಮೊದಲ ಪೀಳಿಗೆಯಲ್ಲಿ ಕಾಳೆಲ್ಲ ನುಣುಪು. ಎರಡನೆಯ ಪೀಳಿಗೆಯಲ್ಲಿ 5,474 ನುಣುಪು, 1,850 ಸುಕ್ಕು. ಅಂದರೆ ಹೆಚ್ಚು ಕಡಿಮೆ ಮೂರಕ್ಕೆ ಒಂದು. ಬಟಾಣಿ ಬೆಳೆದವರು ಅವರಿಗೆ ಮುಂಚೆಯೂ ಇದ್ದರು. ಕಾಳನ್ನು ಎಣಿಸಿ, ಲೆಕ್ಕದಲ್ಲಿ ನಿಯಮ ಕಂಡವರು ಅವರು. ಇದನ್ನು ಅವರು 1865ರಲ್ಲಿ ವಿದ್ವಾಂಸರ ಮುಂದಿಟ್ಟರು.

ಇದೇ ನಿಯಮ ರೇಷ್ಮೆ ಹುಳುವಿಗೂ ಸಲ್ಲುತ್ತದೆ ಎಂದು 1906ರಲ್ಲಿ ಜಪಾನಿನ ತೊಯಾಮಾ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಹಳದಿ ಗೂಡಿನ ತಳಿಯನ್ನು ಬಿಳಿ ಗೂಡಿನ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆ ಹಳದಿ. ಎರಡನೆಯದರಲ್ಲಿ ಮೂರು ಹಳದಿಗೆ ಒಂದು ಬಿಳಿ. ಬಣ್ಣದಂತೆಯೇ ಇತರ ಗುಣಗಳೂ ಎರಡನೆಯ ಪೀಳಿಗೆಯಲ್ಲಿ ಬೇರೆಬೇರೆಯಾಗಿ ಒಡೆಯುತ್ತವೆ. ನಮ್ಮ ಬೆಳೆ ಏರುಪೇರಾಗುವ ಕಾರಣ ಇದೇ. ಹುಳುವನ್ನು ಬಲ್ಲವನು ಎಣಿಸಲೂ ಬಲ್ಲವನಾಗಿದ್ದರಿಂದ ಇದು ತಿಳಿಯಿತು.

ಹುಲಿಯ ಎಣಿಕೆ

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ನಾಗರಹೊಳೆ ಕಾಡು. ಅಲ್ಲಿ ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕಾಡಿನ ದಾರಿಗಳ ಪಕ್ಕ ಕ್ಯಾಮೆರಾ ಇಟ್ಟು ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದರು. ಅವರು ಮೊದಲು ಇಂಜಿನಿಯರಿಂಗ್ ಓದಿ, ಆಮೇಲೆ ವನ್ಯಜೀವಿ ಶಾಸ್ತ್ರ ಕಲಿತವರು.

ಈ ಲೆಕ್ಕವನ್ನು ಕೆರೆಯ ಮೀನಿನಿಂದ ತಿಳಿಯಬಹುದು. 40 ಮೀನು ಹಿಡಿದು, ಗುರುತು ಮಾಡಿ ಕೆರೆಗೆ ಬಿಡಿ. ಕೆಲವು ದಿನದ ಮೇಲೆ ಮತ್ತೆ 50 ಹಿಡಿಯಿರಿ. ಅದರಲ್ಲಿ ಗುರುತಿನವು 10 ಇದ್ದರೆ ಐದಕ್ಕೊಂದು ಎಂದಾಯಿತು. ಹಾಗಾದರೆ ಮೊದಲಿನ 40 ಮೀನು ಇಡೀ ಕೆರೆಯ ಐದನೆಯ ಒಂದು ಪಾಲು. ಒಟ್ಟು ಸುಮಾರು 200. ಹುಲಿಗೆ ನಾವು ಗುರುತು ಹಾಕಬೇಕಾಗಿಲ್ಲ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಆದರೆ ಗುರುತಿನ ಮೀನು ಸತ್ತರೆ, ಇಲ್ಲವೆ ಒಂದೇ ಮೂಲೆ ಸೇರಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪ್ರಾಣಿಯ ನಡೆ ತಿಳಿಯದವನ ಗಣಿತ ಕುಂಟು. ಗಣಿತವಿಲ್ಲದವನ ಎಣಿಕೆ ಬರೀ ಊಹೆ.

ದಾರಿ ಯಾವುದು?

1. ಪಿ.ಯು.ಸಿ.ಗೆ ಸೇರುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ವಿಭಾಗವನ್ನು ಕೇಳಿ. ಪಿ.ಸಿ.ಎಂ.ಬಿ. ಎನ್ನುವುದು ಇದನ್ನೇ. ಎಲ್ಲ ಕಾಲೇಜಿನಲ್ಲೂ ಇದು ಇರುವುದಿಲ್ಲ. ಅರ್ಜಿ ಹಾಕುವ ಮುನ್ನ ವಿಚಾರಿಸಿ. ಓದು ಹೆಚ್ಚು, ನಿಜ. ಆದರೆ ವೈದ್ಯಕೀಯ, ಇಂಜಿನಿಯರಿಂಗ್, ಕೃಷಿ ಮೂರು ಬಾಗಿಲೂ ತೆರೆದಿರುತ್ತವೆ. ಹದಿನಾರು ವರ್ಷದ ಮಗು ಅಂದೇ ಒಂದು ಬಾಗಿಲು ಮುಚ್ಚಬೇಕಾಗಿಲ್ಲ.

2. ಮುಂದೆ ಬಿ.ಎಸ್‌ಸಿ. ಕೃಷಿ ಓದಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಕಾಲೇಜಿದೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ. ಪ್ರವೇಶ ಸಿ.ಇ.ಟಿ. ಮೂಲಕ. ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲು ಉಂಟು. ಅದಕ್ಕೆ ಜಮೀನಿನ ದಾಖಲೆ, ಪ್ರಮಾಣಪತ್ರ ಬೇಕು, ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಆ ವರ್ಷದ ಪ್ರಕಟಣೆ ನೋಡಿ ಕಾಗದಪತ್ರವನ್ನು ಮುಂಚೆಯೇ ಮಾಡಿಸಿಡಿ. ಪದವಿಯ ನಂತರ ತಳಿಶಾಸ್ತ್ರವನ್ನಾಗಲಿ, ಕೃಷಿ ಸಂಖ್ಯಾಶಾಸ್ತ್ರವನ್ನಾಗಲಿ ಹಿಡಿಯಬಹುದು. ಅಲ್ಲಿ ಲೆಕ್ಕ, ಜೀವ ಎರಡೂ ಕೂಡುತ್ತವೆ.

3. ಸಂಶೋಧನೆಯಲ್ಲಿ ಮನಸ್ಸಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅಲ್ಲಿ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ಆರಂಭವಾಯಿತು. ಗಣಿತವನ್ನು ಆರಿಸುವವರೂ ಮೊದಲು ಜೀವಶಾಸ್ತ್ರ ಕಲಿಯಬೇಕು, ಜೀವಶಾಸ್ತ್ರ ಆರಿಸುವವರೂ ಮೊದಲು ಗಣಿತ ಕಲಿಯಬೇಕು ಎಂಬುದು ಅದರ ಏರ್ಪಾಡು. ಸ್ಪರ್ಧೆ ಕಠಿಣ, ಆದರೆ ಹಳ್ಳಿಯ ಮಗುವಿಗೆ ಮುಚ್ಚಿದ ಬಾಗಿಲಲ್ಲ.

ಇಂದೇ ಆರಂಭಿಸಿ

ಇದಕ್ಕೆ ಕಾಲೇಜಿನವರೆಗೆ ಕಾಯಬೇಕಾಗಿಲ್ಲ. ಮುಂದಿನ ಬೆಳೆಯಲ್ಲಿ ನಿಮ್ಮ ಮಗನಿಗೋ ಮಗಳಿಗೋ ಒಂದು ನೋಟ್ ಪುಸ್ತಕ ಕೊಡಿ. ಹಾಕಿದ ಸೊಪ್ಪೆಷ್ಟು, ಜ್ವರಕ್ಕೆ ಕುಳಿತ ದಿನ ಯಾವುದು, ಸತ್ತ ಹುಳುವೆಷ್ಟು, ಚಂದ್ರಿಕೆಯಿಂದ ಬಿಡಿಸಿದ ಗೂಡಿನ ತೂಕವೆಷ್ಟು ಎಂದು ದಿನದಿನವೂ ಬರೆಸಿ. ಎರಡು ಮೂರು ಬೆಳೆಯ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಷ್ಟ ಎಲ್ಲಾಯಿತೆಂದು ನಿಮಗೂ ತಿಳಿಯುತ್ತದೆ. ಆ ಕೆಲಸದಲ್ಲಿ ಮಗುವಿನ ಮುಖ ಅರಳಿದರೆ, ಅದರ ವಿದ್ಯೆಯ ದಾರಿಯೂ ಅಲ್ಲಿಯೇ ಕಾಣುತ್ತದೆ.