ಅಗ್ಗಕ್ಕೆ ಸಿಕ್ಕ ದೊಡ್ಡ ದೋಣಿ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪಿಗೆ ಹೆಸರಾದ ಊರು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ತೋಪು ಅದು. ನಂದಿ ಬೆಟ್ಟದ ಕಡೆಯಿಂದ ಇಳಿಯುವ ದಕ್ಷಿಣ ಪಿನಾಕಿನಿ ಈ ಜಿಲ್ಲೆಯನ್ನು ಹಾದುಹೋಗುತ್ತಾಳೆ, ಹೆಚ್ಚಿನ ದಿನ ಹೆಸರಿಗೆ ಮಾತ್ರ. ಇಂಥ ಬಯಲುಸೀಮೆಯಲ್ಲಿ ಮೋಟಾರು ದೋಣಿ ಕೊಳ್ಳುವ ಮಾತೆತ್ತಿದರೆ ಯಾರಾದರೂ ನಕ್ಕಾರು. ಆದರೆ ಹಳೆಯ ಯಂತ್ರ ಕೊಳ್ಳುವ ವಿದ್ಯೆ ಇಲ್ಲಿಯವರಿಗೆ ಹೊಸದಲ್ಲ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೊಳ್ಳುವಾಗ ಟೈರು ನೋಡಿ, ಗೇರು ಹಾಕಿ, ಹೊಗೆಯ ಬಣ್ಣ ಗಮನಿಸಿ, ಹಿಂದೆ ಯಾರ ಕೈಲಿತ್ತು ಎಂದು ವಿಚಾರಿಸುವುದು ರೈತರಿಗೆ ಗೊತ್ತು. ದೋಣಿಗೂ ಅದೇ ವಿದ್ಯೆ ಬೇಕು, ಆದರೆ ಅದಷ್ಟೇ ಸಾಲದು.

ಈಗ ಈ ಕಡೆಯ ಮಕ್ಕಳೂ ಓದಿಗೆ, ಕೆಲಸಕ್ಕೆ ಎಂದು ಹೊರದೇಶಗಳಿಗೆ ಹೋಗುತ್ತಿದ್ದಾರೆ. ಅಮೆರಿಕದ ಮಹಾಸರೋವರಗಳ ದಡದಲ್ಲೋ ಇಂಗ್ಲೆಂಡಿನ ಕರಾವಳಿಯಲ್ಲೋ ನೆಲೆಸಿದ ಮಗ ಒಂದು ದಿನ ಫೋನ್ ಮಾಡಿ, ಮೂವತ್ತೈದು ವರ್ಷ ಹಳೆಯ, 36 ಅಡಿ ಉದ್ದದ ಕ್ರೂಸರ್ ಮಾರಾಟಕ್ಕಿದೆ, ಒಳಗೆ ಮಲಗುವ ಕೋಣೆ, ಅಡುಗೆ ಕಟ್ಟೆ, ಶೌಚಾಲಯ ಎಲ್ಲಾ ಇದೆ, ಬೆಲೆ ಹೊಸ ಕಾರಿನಷ್ಟೂ ಇಲ್ಲ ಎಂದರೆ ತಂದೆ ತಾಯಿ ಏನು ಕೇಳಬೇಕು? ಅಷ್ಟು ದೊಡ್ಡದು ಅಷ್ಟು ಅಗ್ಗವಾಗಲು ಕಾರಣವೇನು ಎಂಬುದೇ ಮೊದಲ ಪ್ರಶ್ನೆ.

ಹಳೆ ಹಡಗಿನ ಬೆಲೆಯ ಗುಟ್ಟು ತಿಳಿಯಲು ದೂರ ಹೋಗಬೇಕಿಲ್ಲ. ಕಾರವಾರದ ನೌಕಾನೆಲೆಯನ್ನು ತವರಾಗಿ ಉಳ್ಳ ಐ.ಎನ್.ಎಸ್. ವಿಕ್ರಮಾದಿತ್ಯ ಕೂಡ ಸೆಕೆಂಡ್ ಹ್ಯಾಂಡ್ ಹಡಗೇ. ಸೋವಿಯತ್ ನೌಕಾಪಡೆಗೆ ಅದು 1987ರಲ್ಲಿ ಸೇರಿದ್ದು. ಅವರ ಲೆಕ್ಕದಲ್ಲಿ ಅದರ ವರ್ಗವೂ ‘ವಿಮಾನವಾಹಕ ಕ್ರೂಸರ್’. ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಗಿ, 1996ರಲ್ಲಿ ಸೇವೆಯಿಂದ ಹೊರಬಿದ್ದು ಮೂಲೆ ಸೇರಿತ್ತು. 2004ರ ಒಪ್ಪಂದದ ಪ್ರಕಾರ ಹಡಗು ಪುಕ್ಕಟೆ. ದುರಸ್ತಿ ಮತ್ತು ಮಾರ್ಪಾಡಿಗೆ ಮಾತ್ರ 97.4 ಕೋಟಿ ಡಾಲರ್. 2008ರಲ್ಲಿ ಕೈಗೆ ಬರಬೇಕಿತ್ತು. ಬಿಚ್ಚಿ ನೋಡಿದಾಗ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಕೇಬಲ್, ಉಕ್ಕು ಬದಲಿಸಬೇಕೆಂದು ತಿಳಿಯಿತು. ಹಳೆ ಹಡಗಿಗೆ ಹೊಸದಕ್ಕಿಂತ ಹೆಚ್ಚು ಹಣ ಸುರಿಯಲಾಗುತ್ತಿದೆ ಎಂದು 2009ರಲ್ಲಿ ಮಹಾಲೇಖಪಾಲರ ವರದಿ ಟೀಕಿಸಿತು. ಮರುವರ್ಷ ಬೆಲೆ ಸುಮಾರು 235 ಕೋಟಿ ಡಾಲರಿಗೆ ನಿಂತಿತು. 2012ರ ಪರೀಕ್ಷಾ ಯಾನದಲ್ಲಿ ಬಾಯ್ಲರ್‌ಗಳು ಕೈಕೊಟ್ಟವು. ಹಡಗು ನೌಕಾಪಡೆ ಸೇರಿದ್ದು 2013ರ ನವೆಂಬರಿನಲ್ಲಿ, ಕಾರವಾರ ಕಂಡದ್ದು 2014ರ ಜನವರಿಯಲ್ಲಿ. ಒಂದು ಸರ್ಕಾರ ಇದನ್ನು ತಾಳಿಕೊಳ್ಳಬಹುದು. ಸಂಬಳದ ಮೇಲೆ ನಿಂತ ಸಂಸಾರ ತಾಳೀತೇ?

ಹಾಗೆಂದು ಹಳೆಯದೆಲ್ಲ ಕೆಟ್ಟದ್ದೆನ್ನುವುದೂ ತಪ್ಪು. ಬ್ರಿಟನ್ನಿನ ‘ಹರ್ಮೀಸ್’ 1959ರ ಹಡಗು. 1986ರಲ್ಲಿ ಅದನ್ನು ಕೊಂಡ ಭಾರತ ‘ವಿರಾಟ್’ ಎಂಬ ಹೆಸರಿಟ್ಟು 1987ರಿಂದ 2017ರವರೆಗೆ, ಅಂದರೆ ಮೂವತ್ತು ವರ್ಷ, ದುಡಿಸಿಕೊಂಡಿತು. ವಯಸ್ಸಿಗಿಂತ ಹಡಗು ಹೇಗೆ ಬಾಳಿತ್ತು ಎಂಬುದು ಮುಖ್ಯ.

ಮನೆಮಂದಿಯ ದೋಣಿಗೆ ಬಂದರೆ, ಮೊದಲ ಲೆಕ್ಕ ಹೈಸ್ಕೂಲಿನದು. 24 ಅಡಿ ದೋಣಿಯ ಬದಲು ಅದೇ ಆಕಾರದ 36 ಅಡಿಯದನ್ನು ಕೊಂಡರೆ ಉದ್ದ ಒಂದೂವರೆ ಪಟ್ಟು. ಆದರೆ ಬಣ್ಣ ಹೊಡೆಯಬೇಕಾದ ಮೈಯ ವಿಸ್ತೀರ್ಣ ಒಂದೂವರೆಯ ವರ್ಗ, ಅಂದರೆ 2.25 ಪಟ್ಟು, ತೂಕ ಅದರ ಘನ, ಸುಮಾರು 3.4 ಪಟ್ಟು. ಖರ್ಚು ಹೆಚ್ಚಾಗಿ ಈ ಕೊನೆಯ ಅಂಕಿಯ ಹಿಂದೆಯೇ ಓಡುತ್ತದೆ. ಎತ್ತುವ ಕ್ರೇನು, ಹಗ್ಗ, ಲಂಗರು, ಎಂಜಿನ್ ಎಲ್ಲವೂ ದೊಡ್ಡವೇ ಬೇಕು. ದೋಣಿ ಕಟ್ಟುವ ಜಾಗದ ಬಾಡಿಗೆಯನ್ನೂ ಸಾಮಾನ್ಯವಾಗಿ ಅಡಿಯ ಲೆಕ್ಕದಲ್ಲೇ ಕೇಳುತ್ತಾರೆ, ದೋಣಿ ನೀರಿಗಿಳಿಯಲಿ ಬಿಡಲಿ.

ಇಂಧನದ ಲೆಕ್ಕ ಇನ್ನೂ ಸ್ವಾರಸ್ಯದ್ದು. ದೋಣಿ ಓಡುವಾಗ ತನ್ನದೇ ಅಲೆಯನ್ನು ಎಬ್ಬಿಸಿಕೊಂಡು ಅದರ ತಗ್ಗಿನಲ್ಲಿ ಕೂರುತ್ತದೆ. ನೀರಿನ ಮಟ್ಟದಲ್ಲಿ 36 ಅಡಿ ಉದ್ದವಿರುವ ದೋಣಿ ಸುಮಾರು 8 ನಾಟ್, ಅಂದರೆ ಗಂಟೆಗೆ 15 ಕಿಲೋಮೀಟರ್ ವೇಗದವರೆಗೆ ಹಗುರವಾಗಿ ಸಾಗುತ್ತದೆ. ಅದಕ್ಕೂ ಮೀರಬೇಕೆಂದರೆ ತನ್ನ ಅಲೆಯನ್ನೇ ಹತ್ತಬೇಕು. ಬೆಟ್ಟ ಹತ್ತುವ ಲಾರಿಯ ಪಾಡು ಅದಕ್ಕೆ. 300 ಅಶ್ವಶಕ್ತಿಯ ಒಂದು ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ನೂರು ಲೀಟರಿನಷ್ಟು ಕುಡಿಯಬಲ್ಲದು. ಹಳೆಯ ದೊಡ್ಡ ಕ್ರೂಸರ್‌ಗಳಲ್ಲಿ ಇಂಥವು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಅಗ್ಗಕ್ಕೆ ಬರಲು ಅರ್ಧ ಕಾರಣ ಇಲ್ಲೇ ಸಿಕ್ಕಿತಲ್ಲ!

ಉಳಿದರ್ಧ ಕಣ್ಣಿಗೆ ಕಾಣದ್ದು. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಹೊರಪದರದೊಳಕ್ಕೆ ವರ್ಷಗಟ್ಟಲೆ ನೀರು ಇಂಗಿ, ಒಳಗಿನ ರಾಸಾಯನಿಕಗಳೊಡನೆ ಬೆರೆತು, ಒತ್ತಡ ಹೆಚ್ಚಿ ಗುಳ್ಳೆಗಳೇಳುತ್ತವೆ. ಒಂದನ್ನು ಒಡೆದರೆ ವಿನಿಗರಿನಂಥ ಹುಳಿ ವಾಸನೆ. ಪಾಠದಲ್ಲಿ ಓದಿದ ಆಸ್ಮಾಸಿಸ್ ಇದೇ. ಗುಳ್ಳೆಗಿಂತ ಭಾರಿ ಸಂಕಟ ಡೆಕ್ಕಿನ ಹೊಟ್ಟೆಯಲ್ಲಿರುವ ಮರದ್ದು. ಗಟ್ಟಿಯಾಗಲೆಂದು ಎರಡು ಪದರದ ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಮರ ಇಟ್ಟಿರುತ್ತಾರೆ. ಕಂಬಿ ಕೂರಿಸಲು ಕೊರೆದ ತೂತುಗಳಿಂದ ನೀರು ಇಳಿದರೆ ಅದು ಒಳಗೊಳಗೇ ಹಿಟ್ಟಾಗುತ್ತದೆ. ಮೇಲೆ ಬಣ್ಣ ಮಾತ್ರ ಥಳಥಳ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ದೋಣಿಯನ್ನು ಪರೀಕ್ಷಿಸುವ ಸರ್ವೇಯರ್ ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲ ತಟ್ಟುತ್ತಾನೆ. ಗಟ್ಟಿ ಜಾಗ ಟಣ್ಣೆನ್ನುತ್ತದೆ, ಕೊಳೆತದ್ದು ಡೊಬ್ಬೆನ್ನುತ್ತದೆ.

ಎಂಜಿನ್ನಿನ ಮೀಟರ್ ಕಡಿಮೆ ಗಂಟೆ ತೋರಿಸಿದರೆ ಹಿಗ್ಗಬೇಕಿಲ್ಲ. ಓಡದೆ ಕೂತ ಎಂಜಿನ್ ಒಳಗೇ ತುಕ್ಕು ಹಿಡಿಯುತ್ತದೆ. ಅನೇಕ ದೋಣಿಗಳಲ್ಲಿ ಎಂಜಿನ್ನನ್ನೋ ಹೊಗೆ ಹೋಗುವ ಬೀಡಿನ ಕೊಳವೆಗಳನ್ನೋ ತಂಪು ಮಾಡುವುದು ಸಮುದ್ರದ ಉಪ್ಪುನೀರು. ಅದು ಕಬ್ಬಿಣವನ್ನು ತಿಂದು ತೂತು ಮಾಡಿ ಸಿಲಿಂಡರಿಗೆ ಇಳಿದರೆ ಎಂಜಿನ್ನಿನ ಕಥೆ ಮುಗಿದಂತೆ. ಚಳಿ ದೇಶಗಳಲ್ಲಿ ಇನ್ನೊಂದು ಅಪಾಯವಿದೆ. ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಚಳಿಗಾಲಕ್ಕೆ ಮುಂಚೆ ನೀರು ಬಸಿಯಲು ಒಂದು ವರ್ಷ ಮರೆತಿದ್ದರೂ ಎಂಜಿನ್ನಿನ ಬ್ಲಾಕು ಸೀಳಿರಬಹುದು.

ಹಣದ ಮಾತು ಇಷ್ಟಾಯಿತು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ದೋಣಿಯಲ್ಲಿ ಜೀವದ ಮಾತು ಬೇರೆಯೇ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ರಸ್ತೆಗೆ ಹೋಗುತ್ತದೆ, ದೋಣಿಯಲ್ಲಿ ತಳದಲ್ಲಿ ಮಡುಗಟ್ಟುತ್ತದೆ. ಒಂದು ಕಿಡಿ ಸಾಕು. ಎಂಜಿನ್ ಚಾಲೂ ಮಾಡುವ ಮುನ್ನ ಕನಿಷ್ಠ ನಾಲ್ಕು ನಿಮಿಷ ಬ್ಲೋವರ್ ಓಡಿಸಬೇಕೆಂಬ ನಿಯಮ ಅದಕ್ಕೇ. ಹಳೆ ದೋಣಿಯಲ್ಲಿ ಆ ಬ್ಲೋವರ್ ಕೆಲಸ ಮಾಡುತ್ತದೆಯೇ, ಪೆಟ್ರೋಲ್ ಪೈಪು ಯಾವ ಕಾಲದ್ದು ಎಂದು ನೋಡದೆ ಮುಂಗಡ ಕೊಡಬಾರದು.

ಇನ್ನು ಸಮತೋಲ. ದೋಣಿ ಒಂದು ಬದಿಗೆ ವಾಲಿದಾಗ ನೀರು ಮೇಲೆತ್ತುವ ಬಲದ ಕೇಂದ್ರವೂ ಆ ಬದಿಗೆ ಸರಿದು ಅದನ್ನು ನೆಟ್ಟಗೆ ಮಾಡುತ್ತದೆ. ಭಾರವೆಲ್ಲ ಮೇಲಕ್ಕೆ ಹೋದಷ್ಟೂ ಈ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಒಂದು ಹಂತ ದಾಟಿದರೆ ದೋಣಿ ಮಗುಚುತ್ತದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿದ ಎರಡು ಅಂತಸ್ತಿನ ವಿಹಾರ ದೋಣಿ ಮೂಲತಃ ಮೀನುಗಾರಿಕೆಯದು ಎಂದು ವರದಿಯಾಗಿತ್ತು. ಸತ್ತವರು 22 ಮಂದಿ, ಅವರಲ್ಲಿ ಹಲವರು ಮಕ್ಕಳು. ಕಾರವಾರದ ಬಳಿಯ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಮಂದಿ ತೀರಿಕೊಂಡದ್ದು ಕನ್ನಡಿಗರಿಗೆ ಇನ್ನೂ ನೆನಪಿದೆ. ಹಳೆ ಕ್ರೂಸರ್‌ನ ಮಾಲೀಕರು ಮೇಲ್ಡೆಕ್ಕಿಗೆ ಒಂದೊಂದೇ ಸಾಮಾನು ಸೇರಿಸುತ್ತಾ ಹೋಗಿರುತ್ತಾರೆ. ಯಾವುದು ಕಾರ್ಖಾನೆಯದು, ಯಾವುದು ಆಮೇಲಿನದು ಎಂದು ಕೇಳಬೇಕು. ಅಮೆರಿಕದಲ್ಲಿ ಎಷ್ಟು ಜನ ಕೂರಬಹುದೆಂಬ ಫಲಕ ಕಡ್ಡಾಯವಿರುವುದು 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ. ದೊಡ್ಡದರಲ್ಲಿ ಆ ಫಲಕ ಇಲ್ಲದಿದ್ದರೆ ಎಷ್ಟು ಜನರಾದರೂ ಆದೀತೆಂದು ಅರ್ಥವಲ್ಲ.

ನಮ್ಮಲ್ಲೇ ನದಿಗೋ ಹಿನ್ನೀರಿಗೋ ದೋಣಿ ಕೊಳ್ಳುವವರಿಗೆ 2021ರ ಒಳನಾಡು ಹಡಗುಗಳ ಕಾಯಿದೆ ಇದೆ. 1917ರ ಹಳೆ ಕಾಯಿದೆಯ ಜಾಗಕ್ಕೆ ಬಂದ ಇದು ಯಂತ್ರಚಾಲಿತ ದೋಣಿಗೆ ಸರ್ವೆ, ನೋಂದಣಿ, ವಿಮೆಗಳನ್ನು ಕೇಳುತ್ತದೆ. ಕಾಗದಪತ್ರವಿಲ್ಲದ ದೋಣಿ ಎಷ್ಟು ಚೆಂದವಿದ್ದರೂ ಬಿಟ್ಟುಬಿಡುವುದು ಕ್ಷೇಮ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ದೋಣಿಯ ವ್ಯಾಪಾರದಲ್ಲಿ ಪ್ರಮಾಣಿಸುವುದೆಂದರೆ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ಸರ್ವೇಯರ್‌ನಿಂದ ಪರೀಕ್ಷೆ, ಎಂಜಿನ್ನಿಗೆ ಬೇರೆ ಮೆಕ್ಯಾನಿಕ್, ಆಮೇಲೆ ನೀರಿನಲ್ಲಿ ಓಡಿಸಿ ನೋಡುವುದು. ಸರ್ವೇಯರ್‌ನನ್ನು ಕೊಳ್ಳುವವರೇ ಗೊತ್ತುಮಾಡಬೇಕು, ಮಾರುವವರ ಗೆಳೆಯ ಆಗದು. ಓಡಿಸಿ ನೋಡುವ ದಿನ ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲೇ ಹೋಗಿ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಬೇಕು. ಅದು ತಣ್ಣಗಿರಬೇಕು. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಚಾಲೂ ಆಗದ ಎಂಜಿನ್ನನ್ನು ಯಾರೋ ಆಗಲೇ ಓಡಿಸಿ ಸಿದ್ಧಮಾಡಿಟ್ಟಿರಬಹುದು. ಚಾಲೂ ಆದ ಮೇಲೆ ಹೊಗೆ ನೀಲಿಯಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಇಳಿಯುತ್ತಿದೆಯೇ ಎಂದು ಮೆಕ್ಯಾನಿಕ್‌ನಿಂದ ಬಿಚ್ಚಿಸಿ ನೋಡಬೇಕು.