ಬೆರಳಿಗಿಂತ ಮೊದಲು ಕಿವಿ

ರಿದಮ್ ಗೇಮ್ ಎಂದು ಕರೆಸಿಕೊಳ್ಳುವ ವಿಡಿಯೊ ಗೇಮ್‌ಗಳ ನಿಯಮ ಹೇಳಲು ಒಂದು ವಾಕ್ಯ ಸಾಕು. ಹಾಡು ಕೇಳಿಸುತ್ತಿರುತ್ತದೆ, ತೆರೆಯ ಮೇಲೆ ಗುರುತುಗಳು ಸರಿದು ಬರುತ್ತಿರುತ್ತವೆ, ಅವು ಗೆರೆ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಬೇಕು, ಇಲ್ಲವೇ ಡೋಲು ಬಡಿಯಬೇಕು, ಹೆಜ್ಜೆ ಇಡಬೇಕು. ಈ ಬಗೆಯ ಆಟಗಳು ಜನಪ್ರಿಯವಾದದ್ದು ಜಪಾನಿನಲ್ಲಿ: 1996ರಲ್ಲಿ ‘ಪರಾಪ್ಪ ದಿ ರ‍್ಯಾಪರ್’, 1998ರಲ್ಲಿ ಕಾಲಿನಲ್ಲಿ ಆಡುವ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’, 2001ರಲ್ಲಿ ಡೋಲಿನ ಆಟ ‘ಟೈಕೊ ನೊ ತತ್ಸುಜಿನ್’. 2005ರಲ್ಲಿ ಅಮೆರಿಕದಿಂದ ‘ಗಿಟಾರ್ ಹೀರೋ’ ಬಂತು. ನಿಯಮ ಇಷ್ಟು ಸರಳವಾಗಿರುವುದರಿಂದಲೋ ಏನೋ, ಹೊಸಬರು ಇದನ್ನು ಬೆರಳಿನ ಚುರುಕಿನ ಆಟವೆಂದೇ ತಿಳಿಯುತ್ತಾರೆ. ಆದರೆ ಬರೀ ಚುರುಕಿನಿಂದ ಇಲ್ಲಿ ಬಹಳ ದೂರ ಹೋಗಲಾಗದು. ಈ ಆಟದಿಂದ ಆಗುವ ಲಾಭವೂ ಅದೇ ಕಾರಣದಿಂದ ಬರುವಂಥದ್ದು.

ಲೆಕ್ಕ ಹಾಕಿ ನೋಡಿ. ಕಣ್ಣಿಗೆ ಕಂಡದ್ದಕ್ಕೆ ಕೈ ಓಗೊಡಲು ಆರೋಗ್ಯವಂತ ವಯಸ್ಕರಿಗೂ ಸುಮಾರು 200ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ. ಕಷ್ಟದ ಹಂತಗಳಲ್ಲಿ ಪೂರ್ತಿ ಅಂಕ ಪಡೆಯಲು ಆಟ ಕೊಡುವ ರಿಯಾಯಿತಿ ಎಷ್ಟೋ ಸಲ ಅದರ ಕಾಲು ಭಾಗವೂ ಇರುವುದಿಲ್ಲ. ಗುರುತು ಗೆರೆ ಮುಟ್ಟಿದ್ದನ್ನು ನೋಡಿ ಒತ್ತಲು ಹೊರಟವರು ತಡವಾದರೆಂದೇ ಅರ್ಥ. ಒತ್ತುವ ಕ್ಷಣ ಯಾವುದೆಂದು ಮನಸ್ಸು ಮೊದಲೇ ಲೆಕ್ಕ ಹಾಕಿರಬೇಕು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಕೊಡುವುದು ಹಾಡಿನ ನಡೆ. ಸಮ ಅಂತರದಲ್ಲಿ ಟಿಕ್ ಎನ್ನುವ ಮೆಟ್ರೊನೋಮಿನ ಸದ್ದಿಗೆ ಬೆರಳು ತಟ್ಟಿಸುವ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ಸೋಜಿಗವೂ ಇದನ್ನೇ ಹೇಳುತ್ತದೆ: ಜನ ಸಾಮಾನ್ಯವಾಗಿ ಸದ್ದಿಗಿಂತ ತುಸು ಮುಂಚೆಯೇ ತಟ್ಟುತ್ತಾರೆ. ಅಂದರೆ ಅವರು ಕೇಳಿದ ಮೇಲೆ ತಟ್ಟುತ್ತಿಲ್ಲ, ಮುಂದಿನ ಸದ್ದನ್ನು ನಿರೀಕ್ಷಿಸಿ ತಟ್ಟುತ್ತಿದ್ದಾರೆ. ಈ ನಿರೀಕ್ಷೆಯನ್ನು ತಿದ್ದಿ ಹದಗೊಳಿಸುವುದೇ ರಿದಮ್ ಗೇಮಿನ ಅಭ್ಯಾಸ.

ಹಾಗಾಗಿ ಹೊಸಬರು ಮೊದಲು ಮಾಡಬೇಕಾದದ್ದು ಹಾಡನ್ನು ಒಂದೆರಡು ಸಲ ಸುಮ್ಮನೆ ಕೇಳಿ ಕಾಲಲ್ಲಿ ತಾಳ ಹಾಕುವುದು. ಮೃದಂಗದ ಪಾಠದಲ್ಲಿ ತಕಿಟ, ತಕಧಿಮಿ ಎಂದು ಬಾಯಲ್ಲಿ ಹೇಳಿಸುವ ಕ್ರಮವಿದೆಯಲ್ಲ, ಜಪಾನಿನ ಡೋಲು ಕಲಿಕೆಯಲ್ಲೂ ಅಂಥದ್ದೇ ಪದ್ಧತಿಯಿದೆ. ಟೈಕೊ ಆಟದಲ್ಲಿ ಕೆಂಪು ಗುರುತಿಗೆ ಡೋಲಿನ ನಡುವೆ ‘ಡೊನ್’, ನೀಲಿಗೆ ಅಂಚಿನಲ್ಲಿ ‘ಕ’; ಬಾಯಲ್ಲಿ ಹೇಳಿಕೊಂಡೇ ಆಡಬಹುದು. ಇನ್ನೊಂದು ಮಾತು ಮೊದಲಿಗೆ ತಲೆಕೆಳಗಾಗಿ ಕಾಣಬಹುದು. ಗುರುತುಗಳು ಗಿಜಿಗುಟ್ಟಿ ಕಣ್ಣು ಕಂಗೆಟ್ಟಾಗ ಅವು ಸರಿಯುವ ವೇಗವನ್ನು ಇಳಿಸುವುದಲ್ಲ, ತುಸು ಏರಿಸಬೇಕು. ಹಾಡಿನ ವೇಗ ಅದರಿಂದ ಬದಲಾಗುವುದಿಲ್ಲ. ಗುರುತುಗಳ ನಡುವಿನ ಅಂತರ ಹಿಗ್ಗಿ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಸ್ಪಷ್ಟವಾಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡವೇ ಬೇಡ. ಅದರಲ್ಲಿ ಸದ್ದು ತಡವಾಗಿ ಕಿವಿ ತಲುಪುತ್ತದೆ, ತಪ್ಪು ತಮ್ಮದೆಂದುಕೊಂಡು ಆಡುವವರು ಕೈಬಿಡುತ್ತಾರೆ. ತಂತಿಯ ಇಯರ್‌ಫೋನ್ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಸದ್ದು ಮತ್ತು ಚಿತ್ರವನ್ನು ಹೊಂದಿಸಿಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ಬುದ್ಧಿ ಚುರುಕಾಗುತ್ತದೆ, ಲೆಕ್ಕದಲ್ಲಿ ಹೆಚ್ಚು ಅಂಕ ಬರುತ್ತದೆ ಎಂಬಂಥ ಜಾಹೀರಾತಿನ ಮಾತನ್ನು ನಂಬಬೇಕಿಲ್ಲ. ಒಂದು ಆಟದಲ್ಲಿ ಪಳಗಿದ್ದು ಬೇರೆ ಕೆಲಸಕ್ಕೆ ತಾನಾಗಿ ದಾಟಿಕೊಳ್ಳುವುದು ಅಪರೂಪ. ಖಾತ್ರಿಯಾಗಿ ಸಿಗುವುದು ಬೇರೆ: ಪ್ರತಿ ಒತ್ತಿಗೂ ಮುಂಚೆಯಾಯಿತೋ ತಡವಾಯಿತೋ ಎಂಬ ತೀರ್ಪು ಅದೇ ಕ್ಷಣದಲ್ಲಿ, ಯಾರ ಮುಲಾಜೂ ಇಲ್ಲದೆ. ದೊಡ್ಡವರಾದ ಮೇಲೆ ಹೊಸದನ್ನು ಕಲಿಯಲು ಹಿಂಜರಿಯುವವರಿಗೆ, ಯಾರೂ ನೋಡದೆ ನೂರು ಸಲ ತಪ್ಪಬಹುದಾದ ಇಂಥ ಜಾಗ ಸಣ್ಣ ಸಂಗತಿಯಲ್ಲ. ಹೆಜ್ಜೆ ಹಾಕುವ ಆಟಗಳಲ್ಲಿ ಮೈಗೂ ವ್ಯಾಯಾಮವಾಗುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ 2006ರಲ್ಲಿ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಅನ್ನು ತನ್ನ ಸರ್ಕಾರಿ ಶಾಲೆಗಳಿಗೆ ಒಯ್ಯುವ ಯೋಜನೆ ಪ್ರಕಟಿಸಿದ್ದು ಇದೇ ಕಾರಣಕ್ಕೆ.

ಇದು ಸಂಗೀತವೇ ಅಲ್ಲ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಐದು ಗುಂಡಿಯ ಪ್ಲಾಸ್ಟಿಕ್ ಗಿಟಾರ್ ನುಡಿಸಿದವರಿಗೆ ನಿಜವಾದ ತಂತಿ ಮೀಟಲು ಬರುವುದಿಲ್ಲ. ‘ರಾಕ್‌ಸ್ಮಿತ್’ ಎಂಬ ಆಟ 2011ರಲ್ಲಿ ನಿಜವಾದ ಗಿಟಾರನ್ನೇ ಜೋಡಿಸಿಕೊಂಡದ್ದು ಆ ಕೊರತೆ ತುಂಬಲೆಂದೇ. ಆದರೆ ‘ರಾಕ್ ಬ್ಯಾಂಡ್’ ಆಟದ ಡ್ರಮ್ಸ್‌ನಲ್ಲಿ ಎರಡು ಕೈ, ಒಂದು ಕಾಲು ಬೇರೆ ಬೇರೆ ನಡೆಯಲ್ಲಿ ದುಡಿಯಬೇಕು. ನಿಜವಾದ ಡ್ರಮ್ಸ್ ಕಲಿಯುವವರೂ ಆರಂಭದಲ್ಲಿ ಒದ್ದಾಡುವುದು ಅದಕ್ಕೇ. ಇನ್ನು, ಮಣಿಕಟ್ಟು ನೋಯುತ್ತದೆ ಎಂಬ ದೂರೂ ಸುಳ್ಳಲ್ಲ, ನೋವು ಕಂಡ ದಿನ ಆಟ ನಿಲ್ಲಿಸುವುದೇ ಸರಿ.

ದುಡ್ಡಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೊಬೈಲಿನ ಹಲವು ರಿದಮ್ ಗೇಮ್‌ಗಳು ಉಚಿತವೆಂದು ಕರೆದು, ಲಾಟರಿಯಂತೆ ಪಾತ್ರಗಳ ಕಾರ್ಡ್ ಮಾರುತ್ತವೆ. ಮಕ್ಕಳ ಕೈಗೆ ಫೋನ್ ಕೊಡುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಕಾರ್ಡುಗಳಿಂದ ಅಂಕ ಏರುತ್ತದೆಯೇ ಹೊರತು ತಾಳ ಹಿಡಿಯುವ ಕಲಿಕೆಗೆ ಅವು ಬೇಕಾಗಿಯೇ ಇಲ್ಲ. ಖರ್ಚಿಲ್ಲದೆ ಶುರುಮಾಡುವವರಿಗೆ, ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಹೊರತಂದ ‘ಒಸು’ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತದೆ. ಕೀಬೋರ್ಡಿನಲ್ಲೇ ಆಡಬಹುದಾದ ಟೈಕೊ ಮಾದರಿಯ ಆಟವೂ ಅದರೊಳಗಿದೆ.