ಅಜ್ಜಿ ಹೇಳಿದ್ದು ಸುಳ್ಳೇ?

2019ನೇ ಇಸವಿ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಸೂರ್ಯಗ್ರಹಣವಾದುದು ಓದುಗರಿಗೆ ನೆನಪಿರಬಹುದು. ನಮ್ಮ ಜಿಲ್ಲೆಯ ಚೆರ್ವತ್ತೂರಿನಲ್ಲಿ ಸೂರ್ಯ ಬಳೆಯಂತೆ ಕಾಣುವುದನ್ನು ನೋಡಲು ದೂರದೂರುಗಳಿಂದ ಜನ ಬಂದಿದ್ದರು. ಕ್ರಿಸ್ಮಸ್ ರಜೆ ಮುಗಿದು ಶಾಲೆ ತೆರೆದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಾಷ್ಟ್ರೇ, ರಾಹು ಸೂರ್ಯನನ್ನು ನುಂಗುವುದೆಂದು ಪುರಾಣದಲ್ಲಿ ಉಂಟಂತೆ. ಅಜ್ಜಿ ನಮ್ಮನ್ನು ಅಂಗಳಕ್ಕೂ ಬಿಡಲಿಲ್ಲ. ಅಜ್ಜಿ ಹೇಳಿದ್ದು ಸುಳ್ಳಾ?"

ಚಂದ್ರನ ನೆರಳಿನ ಪಾಠವನ್ನು ನಾವು ಚೆನ್ನಾಗಿಯೇ ಹೇಳಿದೆವು. ಕೊನೆಯ ಪ್ರಶ್ನೆಯನ್ನು ಮಾತ್ರ ಜಾರಿಸಿಬಿಟ್ಟೆವು. ಅದು ತಪ್ಪಾಯಿತು.

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಚಂದ್ರನು ಸೂರ್ಯನನ್ನು ಮರೆಮಾಡುವುದೇ ಸೂರ್ಯಗ್ರಹಣವೆಂದು ಆರ್ಯಭಟನು ಕ್ರಿ.ಶ. 499ರಷ್ಟು ಹಿಂದೆಯೇ ಬರೆದಿದ್ದಾನೆ. 628ರಲ್ಲಿ 'ಬ್ರಾಹ್ಮಸ್ಫುಟಸಿದ್ಧಾಂತ' ರಚಿಸಿದ ಬ್ರಹ್ಮಗುಪ್ತನಿಗೂ ಇದು ಗೊತ್ತಿತ್ತು. ಅವನ ಗಣಿತವೆಲ್ಲ ನೆರಳಿನ ಗಣಿತವೇ. ಆದರೂ ರಾಹುವನ್ನು ಅಲ್ಲಗಳೆಯುವುದು ವೇದಸ್ಮೃತಿಗಳಿಗೆ ವಿರುದ್ಧವೆಂದು ಅವನು ಆಕ್ಷೇಪಿಸಿದನು. ಕ್ರಿ.ಶ. 1030ರ ಸುಮಾರಿಗೆ ಭಾರತದ ಬಗ್ಗೆ ಗ್ರಂಥ ಬರೆದ ಅಲ್‌ಬಿರೂನಿ ಇದನ್ನು ಕಂಡು ಅಚ್ಚರಿಪಟ್ಟಿದ್ದಾನೆ. ನಿಜವನ್ನು ಬಲ್ಲವನೂ ಗ್ರಂಥದ ಮುಂದೆ ಅಳುಕಿದನಲ್ಲ!

ಆದರೆ ಗ್ರಂಥಗಳನ್ನು ಗೌರವಿಸಿದವರೆಲ್ಲರೂ ಹೀಗೆ ಅಳುಕಲಿಲ್ಲ. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಸಾರಿದರೂ ಅದು ಪ್ರಮಾಣವಾಗದೆಂಬುದು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಶಂಕರಾಚಾರ್ಯರ ನಿಲುವು. ಕಣ್ಣಿಗೆ ಕಾಣುವ ವಿಷಯದಲ್ಲಿ ಕಣ್ಣೇ ಪ್ರಮಾಣ. ಅದಕ್ಕೆ ನಿಲುಕದ ವಿಷಯಕ್ಕಷ್ಟೇ ಶ್ರುತಿ. ಮುಂಡಕೋಪನಿಷತ್ತಂತೂ ನಾಲ್ಕು ವೇದಗಳನ್ನೇ ಅಪರಾ ವಿದ್ಯೆಯ ಸಾಲಿನಲ್ಲಿ ಇರಿಸಿ, ಪರಾ ವಿದ್ಯೆ ಬೇರೆಯೇ ಎನ್ನುತ್ತದೆ. ತನ್ನ ಎಲ್ಲೆಯನ್ನು ತಾನೇ ಹೇಳಿಕೊಳ್ಳುವ ಗ್ರಂಥವಿದು!

ಇನ್ನು 'ಸತ್ಯ' ಎಂಬ ಮಾತು. ಹರಿಶ್ಚಂದ್ರನನ್ನು ನಾವು ಸತ್ಯಹರಿಶ್ಚಂದ್ರನೆನ್ನುವುದೇಕೆ? ಅವನು ಖಚಿತವಾದ ವರದಿ ಕೊಟ್ಟನೆಂದಲ್ಲ, ಕೊಟ್ಟ ಮಾತಿಗೆ ತಪ್ಪಲಿಲ್ಲವೆಂದು. ಇಡೀ ರಾತ್ರಿ ಯಕ್ಷಗಾನ ನೋಡಿ ಕಣ್ಣೊರೆಸಿಕೊಂಡು ಮನೆಗೆ ಬರುವವರು ಆ ಅರಸ ಯಾವ ಇಸವಿಯಲ್ಲಿ ಆಳಿದನೆಂದು ಕೇಳುವುದಿಲ್ಲ. ನಡೆದುದರ ಸತ್ಯ ಒಂದು, ನಡೆಯಬೇಕಾದುದರ ಸತ್ಯ ಇನ್ನೊಂದು. ಮೊದಲನೆಯದನ್ನು ಅಳೆಯುವ ಕೋಲಿನಿಂದ ಎರಡನೆಯದನ್ನು ಅಳೆಯಲಾಗದು.

ಹಾಗೆಂದು ತೊಡಕು ಬಂದಾಗಲೆಲ್ಲ 'ಅದು ಬರೇ ಸಂಕೇತ' ಎಂದು ನುಣುಚಿಕೊಳ್ಳುವುದೂ ಪ್ರಾಮಾಣಿಕತೆಯಲ್ಲ. ರಾಹುವಿನ ಕಥೆಯನ್ನು ನಡೆದ ಸಂಗತಿಯೆಂದೇ ನಂಬಿ, ಗರ್ಭಿಣಿಯನ್ನು ಕತ್ತಲಕೋಣೆಯಲ್ಲಿ ಕೂರಿಸಿ, ಮಕ್ಕಳನ್ನು ಹೆದರಿಸುವಾಗ ಆ ನಂಬಿಕೆ ತಪ್ಪೆಂದು ಹೇಳಲೇಬೇಕು. ಅದನ್ನು ಹೇಳದ ಅಧ್ಯಾಪಕನು ಪಾಠ ಮಾಡಿದಂತಾಗಲಿಲ್ಲ.

ಆ ಹುಡುಗಿಗೆ ಅಂದು ನಾವು ಹೀಗೆ ಹೇಳಬೇಕಿತ್ತು: "ಅಜ್ಜಿ ಸುಳ್ಳು ಹೇಳಲಿಲ್ಲ ಮಗಾ. ತಾನು ಕೇಳಿ ನಂಬಿದ್ದನ್ನು ನಿನ್ನ ಮೇಲಿನ ಪ್ರೀತಿಯಿಂದ ಹೇಳಿದರು. ಆದರೆ ಗ್ರಹಣದ ವಿಷಯದಲ್ಲಿ ಅದು ಸರಿಯಲ್ಲ." ಸುಳ್ಳು ಬೇರೆ, ತಪ್ಪು ಬೇರೆ. ಇಷ್ಟು ತಿಳಿದರೆ ಮಗುವಿಗೆ ಅಜ್ಜಿಯನ್ನೂ ಬಿಡಬೇಕಾಗಿಲ್ಲ, ವಿಜ್ಞಾನವನ್ನೂ ಬಿಡಬೇಕಾಗಿಲ್ಲ.

2031ರ ಮೇ 21ರಂದು ಕೇರಳದ ದಕ್ಷಿಣ ಭಾಗದಲ್ಲಿ ಮತ್ತೆ ಕಂಕಣಗ್ರಹಣ, ನಮ್ಮಲ್ಲಿ ಪಾರ್ಶ್ವಗ್ರಹಣ. ಅಂದು ಗ್ರಹಣದ ಕನ್ನಡಕ ಹಿಡಿದು ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಅಂಗಳಕ್ಕಿಳಿಯುವಂತಾಗಲಿ.